ಗಂಡಿನ ಮನೆ ನೋಡಲು ಇಟಲಿಗೆ ಹೋಗಿದ್ದು

ಹೊರಡುವ ಮೊದಲು: ಮಾಂಬಳ್ಳಿ

ಇಟಲಿಗೆ ಹೋಗಿ ಬಂದೆ ಎಂದರೆ ಕೊಳ್ಳೇಗಾಲದಲ್ಲಿ ಎಲ್ಲರೂ ಮೊದಲು ಕೇಳುವುದು ವಾಲಿದ ಗೋಪುರ ನೋಡಿದಿರಾ ಎಂದು. ಇಲ್ಲ, ನೋಡಲಿಲ್ಲ. ನಾನು ನೋಡಲು ಹೋದದ್ದು ಗಂಡಿನ ಮನೆಯನ್ನು. ಅಂಗಡಿಗೆ ಬಂದವರಿಗೆಲ್ಲ ಇದನ್ನು ಹೇಳಿ ಹೇಳಿ ಬಾಯಿ ನೋವು ಬಂದು, ಒಂದೇ ಸಲ ಬರೆದು ಮುಗಿಸೋಣ ಎಂದು ಕುಳಿತಿದ್ದೇನೆ.

ನನ್ನದು ಕೊಳ್ಳೇಗಾಲದಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ. ಅಕ್ಕ ರಾಜಮ್ಮ ಮಾಂಬಳ್ಳಿಯಲ್ಲಿದ್ದಾಳೆ. ಅವಳಿಗೆ ಒಬ್ಬಳೇ ಮಗಳು, ಭಾಗ್ಯ, ಆಸ್ಪತ್ರೆಯಲ್ಲಿ ನರ್ಸು. ಭಾವ ತೀರಿಕೊಂಡ ಮೇಲೆ ಆ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸೋದರಮಾವನಾದ ನಾನೇ ಮುಂದೆ ನಿಲ್ಲಬೇಕು. ನಾಲ್ಕು ವರ್ಷದ ಹಿಂದೆ ಹಾಗೆ ಮುಂದೆ ನಿಂತೇ ಅವಳ ಬದುಕಿಗೆ ಕಲ್ಲು ಹಾಕಿದೆ.

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೋದಾಗ, ಮನಸ್ಸು ಒಪ್ಪುವ ತನಕ ಆ ಮನೆಯಲ್ಲಿ ಉಣ್ಣುವಂತಿಲ್ಲ. ನೀರು ಕುಡಿಯಬಹುದು, ಅಷ್ಟೇ. ಉಂಡರೆ ಒಪ್ಪಿದ ಹಾಗೆ, ಬೇರೆ ಕಾಗದ ಪತ್ರ ಬೇಕಿಲ್ಲ. ಆ ಸಲ ನಾನು ನೋಡಲು ಹೋದ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ನಿಂತಿದ್ದವು, ಕೊಟ್ಟಿಗೆಯಲ್ಲಿ ಆರು ಹಸು. ಬಾವಿ ಬಗ್ಗಿ ನೋಡಿದೆ, ನೀರಿತ್ತು. ಸಂತೋಷವಾಗಿ ಕೂತು ಒಬ್ಬಟ್ಟು ಉಂಡು ಬಂದೆ. ಮದುವೆಗೆ ಹತ್ತು ದಿನ ಇರುವಾಗ ಗೊತ್ತಾಯಿತು: ಟ್ರ್ಯಾಕ್ಟರ್ ಪಕ್ಕದ ಊರಿನವರದ್ದು, ಹಸುಗಳು ಅವರ ನೆಂಟರ ಮನೆಯವು. ಸ್ವಂತದ್ದು ಎಂದರೆ ಬಾವಿಯ ನೀರು ಮಾತ್ರ. ಮದುವೆ ನಿಂತಿತು. ಜನ ಆಡಿಕೊಂಡದ್ದು ಆ ಕಳ್ಳರನ್ನಲ್ಲ, ಭಾಗ್ಯಳನ್ನು. ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ನಾನು ಎಷ್ಟೋ ಹಗುರಾಗುತ್ತಿದ್ದೆ.

ಈಗ ಎರಡನೇ ಸಂಬಂಧ. ಹುಡುಗ ಕೌದಳ್ಳಿಯವನು, ಮಹದೇವಸ್ವಾಮಿ. ಇಲ್ಲಿನ ಕ್ವಾರಿಯಲ್ಲಿ ಕಲ್ಲು ಕೊಯ್ಯುವ ಮಿಷನ್ ನಡೆಸುತ್ತಿದ್ದ, ಆರು ವರ್ಷದಿಂದ ಇಟಲಿಯ ಒಂದು ಬೆಟ್ಟದೂರಿನಲ್ಲಿ ಅದೇ ಕೆಲಸ. ಒಂದು ವರ್ಷದಿಂದ ಅವನೂ ಭಾಗ್ಯಳೂ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿಯಾಗಿದೆ. ಕೌದಳ್ಳಿಯ ಮನೆ ಅವನ ಅಣ್ಣಂದಿರದ್ದು, ಅದನ್ನು ನೋಡಿದರೆ ಸಾಕೆಂದು ನಾನು ವಾದಿಸಿದೆ. ಅಕ್ಕ ಕೇಳಲಿಲ್ಲ.

"ಅವ್ಳು ಬಾಳಾದು ಅಲ್ಲಿ ಕಣ್ಲಾ. ಆ ಮನೆ ನೋಡ್ಕಂಡು ಬಾ. ಈ ಸಲನಾರ ಉಣ್ಣಕ್ಕೆ ಮುಂಚೆ ಸರ್ಯಾಗಿ ನೋಡು" ಅಂದಳು.

ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಮನಸ್ಸು ಒಪ್ಪದೆ ಉಣ್ಣುವುದಿಲ್ಲ ಎಂದು ಮಲೆ ಮಾದಪ್ಪನ ಮೇಲೆ ಆಣೆ ಇಟ್ಟು ಹೊರಟೆ. ವೀಸಾ ಸಿಕ್ಕ ಕಥೆ ಬೇರೊಂದು ಪುರಾಣ, ಅದನ್ನು ಇಲ್ಲಿ ತೆಗೆದರೆ ಇಟಲಿ ತಲುಪುವುದಿಲ್ಲ.

ಮೊದಲನೇ ದಿನ: ಚೀಲ ಬರಲಿಲ್ಲ

ಮೂರು ದಿನ ಗಂಡಿನ ಮನೆಯಲ್ಲಿ ಉಣ್ಣದೆ ಇರಬೇಕಲ್ಲ, ಅದಕ್ಕೆ ತಯಾರಾಗಿಯೇ ಹೋಗಿದ್ದೆ. ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಚಟ್ನಿಪುಡಿ ಎಲ್ಲ ಒಂದು ಚೀಲಕ್ಕೆ ತುಂಬಿ ಅಕ್ಕ ಬಾಯಿ ಹೊಲಿದು ಕೊಟ್ಟಿದ್ದಳು. ನಾನು ಬಂದೆ, ಚೀಲ ಬರಲಿಲ್ಲ. ವಿಮಾನ ನಿಲ್ದಾಣದ ತಿರುಗುವ ಪಟ್ಟಿಯ ಮುಂದೆ ನಿಂತು ಕಂಡವರ ಪೆಟ್ಟಿಗೆಗಳ ಮೆರವಣಿಗೆ ನೋಡಿದೆ. ಕೊನೆಗೆ ಕಿಟಕಿಯ ಹಿಂದಿದ್ದ ಹೆಂಗಸು ನಗುನಗುತ್ತ ಒಂದು ಚೀಟಿ ಕೊಟ್ಟಳು. ಚೀಲ ಯಾವುದೋ ಮೂರನೇ ದೇಶದಲ್ಲಿ ಇಳಿದಿದೆಯಂತೆ. ಹುರಿಹಿಟ್ಟಿನ ಹಣೆಯಲ್ಲಿ ನನಗಿಂತ ಹೆಚ್ಚು ಲೋಕಸಂಚಾರ ಬರೆದಿತ್ತು.

ಹೊರಗೆ ಮಹದೇವಸ್ವಾಮಿ ಬೈಕ್ ತಂದು ಕಾಯುತ್ತಿದ್ದ. ತೆಳ್ಳಗಿನ ಆಳು, ಉಗುರಿನ ಸಂದಿಯಲ್ಲಿ ಕಲ್ಲಿನ ಪುಡಿ. ಕಾಲಿಗೆ ಬಿದ್ದು "ಚೆಂದಾಗಿ ಬಂದ್ರಾ ಮಾವ?" ಅಂದ. ಮಾವ ಅನ್ನುವುದಕ್ಕೆ ಇನ್ನೂ ಟೈಮಿದೆ ಎಂದು ಅಲ್ಲೇ ತಿದ್ದಿದೆ. ಆಮೇಲೆ ಸಾ ಎಂದೇ ಕರೆದ.

ನನಗೆ ಮನುಷ್ಯರನ್ನು ಅಳೆಯಲು ಬರುವುದಿಲ್ಲ ಎಂಬುದು ರುಜುವಾತಾಗಿದೆ, ಬೈಕನ್ನು ಅಳೆಯಲು ಬರುತ್ತದೆ. ಇಂಜಿನ್ ಶಬ್ದ ಶುದ್ಧವಾಗಿತ್ತು. ಟೈರು ಹೊಸದು. ಆದರೆ ಚೈನು ಎರಡು ಬೆರಳು ಜೋತು ಬಿದ್ದಿತ್ತು, ಎಣ್ಣೆ ಕಂಡು ತಿಂಗಳಾಗಿರಬೇಕು. ಯಾಕಪ್ಪ ಹೀಗೆ ಎಂದರೆ ಭಾನುವಾರ ಮಾಡೋಣ ಅಂತಿದ್ದೆ ಸಾ ಅಂದ. ನಮ್ಮ ಅಂಗಡಿಗೆ ಬರುವ ಪ್ರತಿಯೊಬ್ಬ ಸೋಮಾರಿಯೂ ಇದೇ ಮಾತು ಹೇಳುತ್ತಾನೆ. ಅವನು ಬುತ್ತಿ ಬಿಚ್ಚಿ ಬ್ರೆಡ್ಡು, ಹಣ್ಣು ಚಾಚಿದ. ಅವನ ಕೈಯಿಂದ ಬಂದದ್ದು, ಮುಟ್ಟುವ ಹಾಗಿಲ್ಲ. ಹಸಿವಿಲ್ಲ ಅಂದೆ. ಹೊಟ್ಟೆ ಅದೇ ಗಳಿಗೆಯಲ್ಲಿ ಎಲ್ಲರಿಗೂ ಕೇಳುವಂತೆ ಗುರ್ ಎಂದಿತು.

ಬೆಟ್ಟದ ದಾರಿ

ಬಯಲಿನ ರಸ್ತೆಯಲ್ಲಿ ಎರಡು ಗಂಟೆ ಹೋದೆವು. ರಸ್ತೆ ಬದಿಯಲ್ಲಿ ಅಲ್ಲಲ್ಲಿ ದೊಡ್ಡ ದೊಡ್ಡ ಮರಗಳು. ಎಲೆ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ಗಾಡಿ ನಿಲ್ಲಿಸಿ ಕಿತ್ತು ನೋಡಿದರೆ ಹಿಪ್ಪುನೇರಳೆ! ಮಾಂಬಳ್ಳಿಯಲ್ಲಿ ನಾವು ಸೊಂಟದೆತ್ತರ ಬಂದರೆ ಕೊಯ್ದು ಹುಳಕ್ಕೆ ಹಾಕುವ ಗಿಡ ಇಲ್ಲಿ ತೆಂಗಿನೆತ್ತರ ಬೆಳೆದು ನಿಂತಿದೆ, ಒಂದೆಲೆಯನ್ನೂ ಯಾರೂ ಮುಟ್ಟಿಲ್ಲ. ಒಂದು ಕಾಲದಲ್ಲಿ ಇಲ್ಲಿಯೂ ರೇಷ್ಮೆ ಸಾಕುತ್ತಿದ್ದರಂತೆ. ಆಮೇಲೆ ಸಾಕುವವರೆಲ್ಲ ಹಡಗು ಹತ್ತಿ ಅರ್ಜೆಂಟೀನಾಕ್ಕೆ ಹೋದರಂತೆ. ಇಷ್ಟು ಸೊಪ್ಪು ಬಿಟ್ಟು ಹೋಗಲು ಅವರಿಗೆ ಮನಸ್ಸಾದರೂ ಹೇಗೆ ಬಂತೋ, ನನಗಂತೂ ಹೊಟ್ಟೆ ಉರಿಯಿತು.

ಬೆಟ್ಟ ಶುರುವಾಯಿತು. ಒಂದರ ಮೇಲೊಂದು ಕೊಕ್ಕೆ ತಿರುವು. ಹುಡುಗ ಒಂದು ತಿರುವಿನಲ್ಲೂ ಹಾರನ್ ಹೊಡೆಯಲಿಲ್ಲ. ಮಲೆ ಮಹದೇಶ್ವರ ಬೆಟ್ಟದ ರಸ್ತೆಯಲ್ಲಿ ಮೂವತ್ತು ವರ್ಷ ಗಾಡಿ ಓಡಿಸಿದವನು ನಾನು. ಅಲ್ಲಿ ತಿರುವಿಗೆ ಮೊದಲು ಹಾರನ್ ಹೊಡೆಯದವನು ಒಂದೋ ಹುಚ್ಚ, ಇಲ್ಲ ಬಸ್ಸಿನ ಕೆಳಗೆ ಹೋಗುವವನು. ಮೂರು ತಿರುವು ಸಹಿಸಿದೆ. ಕೌದಳ್ಳಿಯಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ಲವಲ್ಲ ಎಂದು ಅವನನ್ನು ಇಳಿಸಿ ಹಿಂದೆ ಕೂರಿಸಿದೆ. ಪರವಾನಗಿ ಮಾಡಿಸಿಕೊಂಡೇ ಹೋಗಿದ್ದೆ. ರಸ್ತೆಯ ಬಲಗಡೆ ಓಡಿಸಬೇಕೆಂಬ ಕರ್ಮ ಒಂದು ಬಿಟ್ಟರೆ ದಾರಿ ನಮ್ಮ ಬೆಟ್ಟದ್ದೇ. ಪ್ರತಿ ತಿರುವಿಗೂ ಉದ್ದಕ್ಕೆ ಹಾರನ್ ಹೊಡೆದೆ. ಹಿಂದಿನಿಂದ ಅವನು ಏನೋ ಹೇಳುತ್ತಿದ್ದ, ನನ್ನದೇ ಹಾರನ್ನಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ.

ಊರು ಕಲ್ಲಿನದು. ಕಲ್ಲಿನ ಗೋಡೆ, ಕಲ್ಲಿನ ಮೆಟ್ಟಿಲು, ಕಲ್ಲಿನದೇ ಸೂರು. ಹೆಸರು ಕಾಸ್ತೆಲ್ವೆರ್ನಾ. ಊರ ಬಾಗಿಲಲ್ಲಿ ಏಳೆಂಟು ಮುದುಕಿಯರು ಬಟ್ಟೆಯ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಹೆಣ್ಣಿನ ಕಡೆಯವರಿಗೆ ಇಷ್ಟು ಮರ್ಯಾದೆಯೇ ಎಂದು ನನಗೆ ಒಳಗೊಳಗೇ ಹಿಗ್ಗಾಯಿತು. ಇಳಿದು ಕೈ ಮುಗಿದೆ. ಅವರು ಬೈಕಿನ ಹಿಂದೆ ಇಣುಕಿ ನೋಡಿ, ನನ್ನನ್ನು ನೋಡಿ, ಬೈಯಲು ಶುರು ಮಾಡಿದರು. ಬೈಗುಳಕ್ಕೆ ತರ್ಜುಮೆ ಬೇಕಾಗುವುದಿಲ್ಲ.

"ಇಲ್ಲಿ ಯಾರೂ ಆರನ್ ಒಡೆಯಕ್ಕಿಲ್ಲ ಸಾ. ಬ್ರೆಡ್ ಗಾಡಿಯವ ಮಾತ್ರ ಒಡುದ್ಕಂಡು ಬರಾದು" ಅಂದ ಮಹದೇವಸ್ವಾಮಿ, ತಲೆ ತಗ್ಗಿಸಿ.

ಊರಿನಲ್ಲಿ ದಿನಸಿ ಅಂಗಡಿ ಇಲ್ಲ. ದಿನ ಬಿಟ್ಟು ದಿನ ಬ್ರೆಡ್ಡಿನ ವ್ಯಾನು ಬೆಟ್ಟ ಹತ್ತಿ ಬರುತ್ತದೆ, ಹಾರನ್ ಕೇಳಿದರೆ ಜನ ಮಂಡಿ ನೋವು ಹೊತ್ತುಕೊಂಡು ಮೆಟ್ಟಿಲಿಳಿದು ಬರುತ್ತಾರೆ. ಅಷ್ಟಕ್ಕೇ ಮುಗಿದಿದ್ದರೆ ಪುಣ್ಯ. ಒಂದು ಗಂಟೆ ಬಿಟ್ಟು ನಿಜವಾದ ವ್ಯಾನು ಹಾರನ್ ಹೊಡೆಯಿತು. ಆ ಬೈಕಿನವನೇ ಮತ್ತೆ ಬಂದ ಎಂದುಕೊಂಡು ಯಾರೂ ಬಾಗಿಲು ತೆಗೆಯಲಿಲ್ಲ. ವ್ಯಾನು ಕಾದು ನೋಡಿ ಹೊರಟು ಹೋಯಿತು. ಹೀಗೆ ನಾನು ಬಂದ ದಿನವೇ ಇಡೀ ಊರಿಗೆ ಬ್ರೆಡ್ಡಿಲ್ಲದಂತೆ ಮಾಡಿದ ಕೀರ್ತಿ ಮಾಂಬಳ್ಳಿ ಮನೆತನಕ್ಕೆ ಬಂತು.

ಹನ್ನೊಂದು ಬೀಗದ ಕೈ

ಮುಖ ತೊಳೆದು ಕೂಡಲೇ ಮನೆ ತೋರಿಸು ಅಂದೆ. ಅವನು ಗೋಡೆಯ ಮೊಳೆಯಿಂದ ಬೀಗದ ಕೈಗಳ ಗೊಂಚಲು ತೆಗೆದುಕೊಂಡ. ಮೊದಲನೆಯ ಮನೆ ನೋಡಿ ನನಗೆ ಎದೆ ತುಂಬಿ ಬಂತು. ಎರಡು ಅಂತಸ್ತು, ತೇಗದಂಥ ಮರದ ಬೀರು, ಪಿಂಗಾಣಿ ತಟ್ಟೆಗಳು, ಬೆಟ್ಟದ ಕಡೆಗೆ ಕಿಟಕಿ. ಗೋಡೆಯ ಮೇಲೆ ಮೀಸೆಯ ಯಜಮಾನರೊಬ್ಬರ ಫೋಟೋ. ಇವರು ಯಾರು ಎಂದೆ. ಮನೆಯವರು ಸಾ ಅಂದ. ಎರಡನೆಯ ಮನೆಗೆ ಹೋದೆವು, ಅಲ್ಲಿ ಬೇರೆ ಫೋಟೋ. ಮೂರನೆಯದರಲ್ಲಿ ಮದುವೆ ಗಂಡುಹೆಣ್ಣಿನ ಫೋಟೋ, ಅದರ ಕೆಳಗೆ ನೂರು ವರ್ಷದ ಹಿಂದಿನ ತೊಟ್ಟಿಲು. ಪ್ರತಿ ಮನೆಯಲ್ಲೂ ಅವನು ಕಿಟಕಿ ತೆಗೆದ, ಮೂಲೆಯ ತೇವ ಮುಟ್ಟಿ ನೋಡಿದ, ಜೇಡರ ಬಲೆ ಒರೆಸಿದ. ಹನ್ನೊಂದು ಮನೆ ಮುಗಿಯುವ ಹೊತ್ತಿಗೆ ನನ್ನ ಮಂಡಿ ಆ ಮುದುಕಿಯರ ಕಡೆ ಸೇರಿತ್ತು.

"ಇದ್ರಲ್ಲಿ ನಿನ್ನದು ಯಾವುದಪ್ಪ?" ಅಂದೆ.

"ಒಂದೂ ನಂದಲ್ಲ ಸಾ. ಎಲ್ಲಾ ಅರ್ಜೆಂಟೀನಾದೋರ್ದು. ನಾನು ಕಿಟಕಿ ತಗ್ದು ಆಕ್ತೀನಿ ಅಷ್ಟೇಯ."

ಅಲ್ಲೇ ಆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಕಂಡವರ ಟ್ರ್ಯಾಕ್ಟರ್ ನೋಡಿ ಮೋಸ ಹೋದವನು, ಈ ಸಲ ಏಳು ಸಮುದ್ರ ದಾಟಿ ಬಂದು ಕಂಡವರ ಮನೆ ನೋಡುತ್ತಿದ್ದೇನೆ. ಅದೂ ಒಂದಲ್ಲ, ಹನ್ನೊಂದು. ಅವನಿರುವುದು ಅಸುಂತಾ ಎಂಬ ಎಂಬತ್ತು ದಾಟಿದ ಮುದುಕಿಯ ಮನೆಯ ಕೆಳಗಿನ ಕೋಣೆಯಲ್ಲಿ. ಹಿಂದೆ ಅಲ್ಲಿ ಕತ್ತೆ ಕಟ್ಟುತ್ತಿದ್ದರಂತೆ. ಮಂಚ, ಒಲೆ, ಎರಡು ಕುರ್ಚಿ, ಮಾದಪ್ಪನ ಪಟ. ಊರು ಬಿಟ್ಟವರ ಬೀಗದ ಕೈಗಳನ್ನು ನಲವತ್ತು ವರ್ಷ ಅಸುಂತಾ ಇಟ್ಟುಕೊಂಡಿದ್ದಳು. ಅವಳ ಮಂಡಿ ಕೆಟ್ಟ ಮೇಲೆ ಇವನ ಕೈಗೆ ಕೊಟ್ಟಳು. ಬ್ರೆಡ್ಡಿಗಾಗಿ ಚೀಲ ಹಿಡಿದು ನಿಂತವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಬೈದವಳೂ ಅವಳೇ.

ಅಕ್ಕನಿಗೆ ಫೋನು ಮಾಡಬೇಕಿತ್ತು. ಏನೆಂದು ಮಾಡುವುದು? ಮನೆ ಹೇಗಿದೆ ಎಂದು ಕೇಳಿದರೆ ಯಾವ ಮನೆ ಎಂದು ಹೇಳಲಿ? ಮಾಡಲಿಲ್ಲ.

ಎರಡನೇ ದಿನ: ವಿಚಾರಣೆ

ಮನೆ ಇಲ್ಲದಿದ್ದರೆ ಗುಣವನ್ನಾದರೂ ವಿಚಾರಿಸಬೇಕು. ನಮ್ಮಲ್ಲಾದರೆ ಗಂಡಿನ ಊರಿಗೆ ಹೋಗಿ ಟೀ ಅಂಗಡಿಯಲ್ಲಿ ಕೂತು, ಕ್ಷೌರದ ಅಂಗಡಿಯಲ್ಲಿ ಕೂತು, ಮೆಲ್ಲಗೆ ಮಾತು ತೆಗೆದು, ಜಾತಕಕ್ಕಿಂತ ಹೆಚ್ಚು ತಿಳಿದುಕೊಂಡು ಬರಬಹುದು. ಮಹದೇವಸ್ವಾಮಿ ಕೆಲಸಕ್ಕೆ ಹೋದ ಮೇಲೆ ನಾನೊಬ್ಬನೇ ಹೊರಟೆ. ಭಾಷೆ ಬರದಿದ್ದರೇನು, ಕೈ ಇದೆಯಲ್ಲ. ಎದುರು ಮನೆಯ ಮುದುಕನಿಗೆ ಅವನ ಕೋಣೆ ತೋರಿಸಿ, ಹೆಬ್ಬೆರಳನ್ನು ಬಾಯಿಗೆ ಹಿಡಿದು, ಕುಡಿಯುತ್ತಾನಾ ಎಂದು ಕೇಳಿದೆ. ಮುದುಕನ ಮುಖ ಅರಳಿತು. ಒಳಗೆ ಹೋಗಿ ದ್ರಾಕ್ಷಿ ಹೆಂಡದ ಬಾಟಲಿ, ಎರಡು ಗ್ಲಾಸು ತಂದ. ಬೇಡ ಬೇಡ ಎಂದು ಕೈ ಆಡಿಸಿದರೆ ಇದು ಸಾಲದೆಂದುಕೊಂಡು ಇನ್ನೊಂದು ಬಾಟಲಿ ತಂದ. ಪಕ್ಕದ ಮನೆಯಲ್ಲೂ ಅದೇ ಕಥೆ. ಮೂರನೆಯ ಮನೆಯ ಹೆಂಗಸು ದೂರದಿಂದಲೇ ಗ್ಲಾಸು ಹಿಡಿದು ಕಾಯುತ್ತಿದ್ದಳು. ಗಂಡು ಕುಡಿಯುತ್ತಾನೋ ಇಲ್ಲವೋ ತಿಳಿಯಲಿಲ್ಲ. ಹೆಣ್ಣಿನ ಸೋದರಮಾವ ಮಾತ್ರ ಬೆಳಿಗ್ಗೆ ಒಂಬತ್ತಕ್ಕೇ ಹೆಂಡ ಕೇಳಿಕೊಂಡು ಮನೆ ಮನೆ ತಿರುಗುತ್ತಾನೆ ಎಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಹಬ್ಬಿತ್ತು.

ಹೊಟ್ಟೆಯ ಪಾಡು ಕೇಳಬೇಡಿ. ಇಗರ್ಜಿಯ ಪಕ್ಕದಲ್ಲಿ ಒಂದು ಕಾಫಿ ಅಂಗಡಿಯಿದೆ. ತೀರ್ಥದಷ್ಟು ಕಾಫಿ, ಒಂದು ಒಣ ಬಿಸ್ಕತ್ತು. ನಾಲ್ಕು ಸಲ ಹೋಗಿ ನಾಲ್ಕು ಬಿಸ್ಕತ್ತು ತಿಂದೆ. ಮಿಕ್ಕಿದ್ದೆಲ್ಲ ಹಂದಿ ಮಾಂಸದ ತುಂಡು ಸೇರಿದ್ದು, ಲಿಂಗ ಕಟ್ಟಿದವನು ನೋಡುವ ಹಾಗೂ ಇಲ್ಲ. ಸಂಜೆ ಗೊತ್ತಾಯಿತು, ಅಂಗಡಿಯವನು ಅಸುಂತಾಳ ತಂಗಿಯ ಮಗ. ಅಂದರೆ ಅದೂ ಗಂಡಿನ ಕಡೆಯ ಮನೆಯೇ! ಬಿಸ್ಕತ್ತು ಲೆಕ್ಕಕ್ಕೆ ಬರುವುದಿಲ್ಲ ಎಂದು ಮಾದಪ್ಪನಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಗೆ ಹೇಳಿಕೊಂಡೆ.

ಸಂಜೆ ಹುಡುಗ ಬಂದು, ಮಂಚ ನನಗೆ ಬಿಟ್ಟು ನೆಲದ ಮೇಲೆ ಹಾಸಿಕೊಂಡ. ಅನ್ನ ಸಾರು ಮಾಡಿದ, ಕರೆದ. ನಾನು ಒಲ್ಲೆ ಎಂದಾಗ ಅವನೂ ಉಣ್ಣದೆ ಮುಚ್ಚಿಟ್ಟ. ನೀನು ಉಣ್ಣಪ್ಪ ಎಂದರೂ ಕೇಳಲಿಲ್ಲ. ಇದು ಒಳ್ಳೆಯತನವೋ ನಾಟಕವೋ ಎಂದು ಯೋಚಿಸುತ್ತ ಮಲಗಿದೆ. ಒಂದು ಸಲ ಮೋಸ ಹೋದವನಿಗೆ ಒಳ್ಳೆಯತನವೂ ಕಿರಿಕಿರಿಯೇ.

ಮೂರನೇ ದಿನ: ಅಸುಂತಾಳ ಜಗಲಿ

ಭಾನುವಾರ. ಬೆಳಿಗ್ಗೆ ಅವನು ನನ್ನ ಮುಂದೆಯೇ ಚೈನು ಬಿಗಿಮಾಡಿ ಎಣ್ಣೆ ಬಿಟ್ಟ. ಮೇಲಿನ ಮನೆಯಿಂದ ವಾಸನೆ ಬಂತು. ನಾನು ಆಣೆ ಮಾಡಿ ಹೇಳುತ್ತೇನೆ, ಅದು ಮುದ್ದೆಯ ವಾಸನೆ. ಬಾಗಿಲಲ್ಲಿ ಇಣುಕಿದರೆ ಅಸುಂತಾ ತಾಮ್ರದ ಪಾತ್ರೆಯಲ್ಲಿ ಮುಸುಕಿನ ಜೋಳದ ಹಿಟ್ಟನ್ನು ಕೋಲಿನಲ್ಲಿ ತಿರುವುತ್ತಿದ್ದಳು. ನಮ್ಮ ಹಿಟ್ಟಿನ ದೊಣ್ಣೆಯಂಥದ್ದೇ ಕೋಲು, ನಮ್ಮಕ್ಕನಂತೆಯೇ ಸೊಂಟಕ್ಕೆ ಸೆರಗು ಸಿಕ್ಕಿಸಿದ ಹಾಗೆ ಬಟ್ಟೆ. ಆದರೆ ಉಂಡೆ ಕಟ್ಟುವ ಬುದ್ಧಿಯಿಲ್ಲ, ಹಲಗೆಯ ಮೇಲೆ ಸುರಿದು ಬಿಟ್ಟಳು. ಕರೆದಳು. ನಾನು ಹೊರಗಿನ ಕಲ್ಲು ಜಗಲಿಯ ಮೇಲೆ ಕೂತು ತಲೆ ಅಲ್ಲಾಡಿಸಿದೆ.

ಅವಳು ಕೋಲು ಇಟ್ಟು ಹೊರಗೆ ಬಂದಳು. ನನ್ನ ಪಕ್ಕದಲ್ಲಿ ಕುಳಿತು ಮಹದೇವಸ್ವಾಮಿಯನ್ನು ಎದುರಿಗೆ ನಿಲ್ಲಿಸಿಕೊಂಡಳು. ಇವನು ಯಾಕೆ ಉಣ್ಣುವುದಿಲ್ಲ ಎಂದು ಕೇಳಿದಳು. ಅವನು ನಮ್ಮ ಪದ್ಧತಿ ವಿವರಿಸಿದ. ಬೈಯುತ್ತಾಳೆಂದುಕೊಂಡೆ. ಅವಳು, ಸರಿ, ಹಾಗಾದರೆ ನನಗೂ ಒಂದು ಪ್ರಶ್ನೆಯಿದೆ ಅಂದಳು. ಅವಳ ಮಾತನ್ನು ಅವನು ಒಂದೊಂದಾಗಿ ಹೇಳುತ್ತ ಹೋದ.

ಅವಳ ನಾಲ್ವರು ಅಣ್ಣಂದಿರು ಹಡಗು ಹತ್ತಿದರು. ಎಲ್ಲರೂ ಎರಡೇ ವರ್ಷ ಅಂದಿದ್ದರು. ಅವಳ ಮಗಳೂ ಎರಡೇ ವರ್ಷ ಅಂದಿದ್ದಳು. ಎಲ್ಲರೂ ಹೋಗುವಾಗ ಬೀಗದ ಕೈ ತಂದು ಅವಳ ಕೈಯಲ್ಲಿಟ್ಟರು. ಈಗ ಕೆಳಗಿನ ಕೋಣೆಯಲ್ಲಿ ಸಂಜೆ ಇವನ ಹೆಜ್ಜೆ ಸದ್ದು ಕೇಳಿದರೆ ಅವಳಿಗೆ ಧೈರ್ಯ. ಬರುವ ಹುಡುಗಿ ಇಲ್ಲಿ ಇರುತ್ತಾಳೋ, ಇಲ್ಲ ಇವನನ್ನೂ ಕರೆದುಕೊಂಡು ಹೋಗುತ್ತಾಳೋ? ಹೋಗುವುದಾದರೆ ಈಗಲೇ ಹೇಳಿಬಿಡಿ, ನಾನು ಅವಳನ್ನು ಹಚ್ಚಿಕೊಳ್ಳುವುದೇ ಇಲ್ಲ ಅಂದಳು.

ನನಗೆ ರೇಗಿತು. ಮನೆ ನೋಡಲು ಬಂದವನು ನಾನು, ಪರೀಕ್ಷೆ ಮಾಡುತ್ತಿರುವವಳು ಇವಳು. ಈ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಎಲ್ಲಿದೆ? ಭಾಗ್ಯಳಿಗೇ ಫೋನು ಹಚ್ಚಿದೆ. ಅವಳು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದಳು. ಫೋನಿನಲ್ಲಿ ಮುದುಕಿಯ ಮುಖ ತೋರಿಸಿ, ಹೀಗೆ ಕೇಳುತ್ತಿದ್ದಾಳೆ, ಏನು ಹೇಳಲಿ ಅಂದೆ. ಒಳ್ಳೆಯ ಮಾತು ಹೇಳು ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಸನ್ನೆಯನ್ನು ಲೆಕ್ಕಿಸಲಿಲ್ಲ.

"ಎಷ್ಟು ವರ್ಸ ಇರ್ತೀನಿ ಅಂತ ನಂಗೊತ್ತಿಲ್ಲ ಮಾವ. ಬೇಜಾರಾಗಿ ಊರಿಗೆ ಓಗಮ ಅಂದ್ರೂ ಅಂದೇನು. ಅವ್ರಿಗೆ ಅಂಗೇ ಹೇಳ್ಬುಡಿ. ಸುಳ್ಳು ಹೇಳಿ ಮದ್ವೆ ಮಾಡದು ಒಂದ್ಸಲ ಆಯ್ತಲ್ಲ, ಸಾಕು."

ಮುದುಕಿ ಮಹದೇವಸ್ವಾಮಿಯ ಬಾಯಿ ನೋಡುತ್ತಿದ್ದಳು. ಅವನು ಕತ್ತು ಕೆರೆದುಕೊಂಡ. ಅವನ ಕೋಣೆ ಅವಳದ್ದು, ಆ ಊರಿನಲ್ಲಿ ಅವನಿಗಿರುವ ಮರ್ಯಾದೆ ಅವಳು ಕೊಟ್ಟದ್ದು. ಇರುತ್ತಾಳಂತೆ ಅಜ್ಜಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನಗೆ ತಿಳಿಯುತ್ತಿರಲಿಲ್ಲ, ಭಾಗ್ಯಳಿಗೂ ತಿಳಿಯುತ್ತಿರಲಿಲ್ಲ. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ, ಅಂಗಡಿಯಲ್ಲಿ ದಿನಾ ಹೇಳುತ್ತೇನೆ.

ಅವನು ನಿಧಾನವಾಗಿ ನಾಲ್ಕೈದು ಮಾತು ಹೇಳಿದ. ಅಸುಂತಾಳ ಮುಖ ನನ್ನ ಕಣ್ಣೆದುರೇ ಇಳಿದು ಹೋಯಿತು. ತುಟಿ ಬಿಗಿದುಕೊಂಡಳು, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿಬಿಟ್ಟಳು. ಅವಳು ಎದ್ದು ಹೋದ ರೀತಿಗೇ ನನಗೆ ಗೊತ್ತಾಯಿತು, ಅವನು ಒಂದಕ್ಷರ ಬೆಲ್ಲ ಸೇರಿಸದೆ ಹೇಳಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದಿಂದ ನಾನು ಯಾರನ್ನೂ ನಂಬಿರಲಿಲ್ಲ, ನನ್ನನ್ನೂ ಸೇರಿಸಿ.

"ಊಟಕ್ಕೆ ಆಕ್ಸಪ್ಪ" ಅಂದೆ.

ಹಾಕಿಸುವುದು ಎಲ್ಲಿ? ಬೆಳಿಗ್ಗೆ ತಾನೇ ಕರೆದವಳು ಈಗ ಒಳಗೆ ಕೂತು ಮುಖ ತಿರುಗಿಸಿದ್ದಳು. ಗಂಡಿನ ಮನೆಯಲ್ಲಿ ಹೆಣ್ಣಿನ ಕಡೆಯವನು ತಾನಾಗಿ ಹೋಗಿ ತಟ್ಟೆಯ ಮುಂದೆ ಕೂರುವುದು ನಮ್ಮ ವಂಶದಲ್ಲೇ ಇಲ್ಲ. ಹೋಗಿ ಕುಳಿತೆ. ಅವಳು ನನ್ನನ್ನು ನೋಡಿದಳು, ಹಲಗೆಯನ್ನು ನೋಡಿದಳು. ಕೊನೆಗೆ ಒಂದು ದಾರ ತಂದು, ಆ ಹಿಟ್ಟನ್ನು ದಾರದಿಂದಲೇ ಕೊಯ್ದು, ತಟ್ಟೆಗೆ ದಪ್ಪನೆ ಹಾಕಿದಳು. ಮೇಲೆ ಕಾಳಿನ ಸಾರು, ಉಪ್ಪು ಕಡಿಮೆ, ಖಾರ ಎಂಬುದು ಹೆಸರಿಗೂ ಇಲ್ಲ. ಮೂರು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಅವಳು ಏನೋ ಅಂದಳು, ಹುಡುಗ ತಲೆ ತಗ್ಗಿಸಿ ನಕ್ಕ. ಇವರ ಊರಿನಲ್ಲಿ ಊಟ ಹಾಕುವುದಿಲ್ಲವೇ ಎಂದು ಕೇಳಿದಳಂತೆ.

ಕೈ ತೊಳೆದು ಅಕ್ಕನಿಗೆ ಫೋನು ಮಾಡಿದೆ. ಉಂಡೆ ಕಣಕ್ಕ, ಅಂದೆ.

"ಮನೆ ಎಂಗದ್ಲಾ?"

"ಮನೆ ಇಲ್ಲ ಕಣಕ್ಕ."

"ಮತ್ತೆ ಎಲ್ಲಿ ಉಂಡೆ?"

ಒಂದು ಅಜ್ಜಿಯ ಮನೆಯಲ್ಲಿ ಅಂದೆ. ಹನ್ನೊಂದು ಮನೆಯ ಕಥೆ, ಕತ್ತೆ ಕಟ್ಟುತ್ತಿದ್ದ ಕೋಣೆ, ಅಜ್ಜಿ ಕೇಳಿದ್ದು, ಭಾಗ್ಯ ಹೇಳಿದ್ದು, ಅವನು ಅದನ್ನು ಹೇಳಿದ ರೀತಿ, ಎಲ್ಲ ಬಿಡಿಸಿ ಹೇಳಿದೆ. ಜೋಳದ ಮುದ್ದೆ, ಸಾರಿಗೆ ಉಪ್ಪು ಸಾಲದು ಎಂಬುದನ್ನೂ ಸೇರಿಸಿದೆ. ಅಕ್ಕ ಅಳುತ್ತಿದ್ದಾಳೆಂದು ಗೊತ್ತಾಗುತ್ತಿತ್ತು. ಬೈಯುತ್ತಾಳೆಂದು ಕಾದೆ.

"ಭಾಗ್ಯಂಗೆ ಉಪ್ಪು ವಸಿ ಮುಂದಾಗೇ ಇರ್ಬೇಕು ಕಣ್ಲಾ" ಅಂದಳು. "ಆ ಅಜ್ಜಿಗೆ ಯೋಳ್ಬುಟ್ಟು ಬಾ."